ಕಾಲುದಾರಿಯ ವಿಚಾರ

ಕನ್ನಡದಲ್ಲಿ ದಾರಿಗೆ ಎಷ್ಟು ಹೆಸರುಗಳಿವೆ ಎಂದು ಎಣಿಸಹೊರಟರೆ ಆಶ್ಚರ್ಯವಾಗದಿರದು. ಬೀದಿ, ಓಣಿ, ಬಂಡಿದಾರಿ, ಒಳದಾರಿ, ಕಾಲುದಾರಿ, ಗದ್ದೆಯ ಬದು, ಕೆರೆಯ ಏರಿ. ಒಂದೊಂದಕ್ಕೂ ಬೇರೆ ಅಗಲ, ಬೇರೆ ಉಪಯೋಗ. ಇವುಗಳಲ್ಲಿ ಇಂಜಿನಿಯರನಾಗಲಿ ಗುತ್ತಿಗೆದಾರನಾಗಲಿ ಕೈಯಿಡದೆ, ಕೇವಲ ಜನರ ನಡಿಗೆಯಿಂದಲೇ ಉಂಟಾದುದು ಕಾಲುದಾರಿ. ಅದರ ವಿಷಯವಾಗಿ ಸಹಪಾಠಿಗಳ ಮುಂದೆ ನಾಲ್ಕು ಮಾತುಗಳನ್ನಿಡುವುದು ಈ ಲೇಖನದ ಉದ್ದೇಶ.

ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾದ ಹಸಿರು ಹಾದಿಗಳನ್ನು ಪಾಶ್ಚಾತ್ಯ ದೇಶಗಳಲ್ಲಿ ಬಹಳ ಮುತುವರ್ಜಿಯಿಂದ ನಿರ್ಮಿಸಿರುವರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್‌ರಾಯ್ ಮತ್ತು ಸ್ಪಾರ್ಟಾ ಎಂಬ ಊರುಗಳ ನಡುವೆ ರೈಲು ನಿಂತುಹೋದ ಮೇಲೆ, ಅದೇ ಜಾಡಿನಲ್ಲಿ 1967ರಲ್ಲಿ ಸುಮಾರು 51 ಕಿಲೋಮೀಟರ್ ಉದ್ದದ ಹಾದಿಯನ್ನು ತೆರೆದರು. ರೈಲು ಕಡಿದಾದ ಏರನ್ನು ಹತ್ತಲಾರದಷ್ಟೆ. ಆದುದರಿಂದ ಅದಕ್ಕಾಗಿ ಹದಗೊಳಿಸಿದ ನೆಲ ಸೈಕಲ್ಲಿಗೂ ಸುಖಕರವಾಯಿತು. ಅಲ್ಲಿನ ಮೂರು ಸುರಂಗಗಳಲ್ಲಿ ಈಗ ಜನರು ಹಾಯುತ್ತಾರೆ. ಇದ್ದುದನ್ನೇ ಉಳಿಸಿಕೊಂಡರೆ ಎಷ್ಟು ದುಡಿಮೆ ಉಳಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮಲ್ಲಿಯೂ ಇಂತಹವು ಇಲ್ಲದಿಲ್ಲ. ಮೈಸೂರಿನ ಚಾಮುಂಡಿಬೆಟ್ಟಕ್ಕೆ ಮೋಟಾರು ರಸ್ತೆಯಿದ್ದರೂ, ದೊಡ್ಡ ದೇವರಾಜ ಒಡೆಯರ (1659–1673) ಕಾಲದ ಸುಮಾರು ಸಾವಿರ ಮೆಟ್ಟಿಲುಗಳ ದಾರಿ ಇಂದಿಗೂ ಸವೆಯುತ್ತಲೇ ಇದೆ. ಆಷಾಢ ಶುಕ್ರವಾರಗಳಂದು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರನ್ನು ಕಂಡವರು ಆ ದಾರಿ ಏಕೆ ಅಳಿಯಲಿಲ್ಲವೆಂದು ಕೇಳಲಾರರು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದುದು ನೀರಾವರಿಗಾಗಿ. ಇಂದು ಅದರ ದಡದ ಹಾದಿ ಊರಿನವರ ಬೆಳಗಿನ ನಡಿಗೆಗೆ ಒದಗಿದೆ.

ಆದರೆ ಚಕ್ರ ಕೊಟ್ಟವರು ದಾರಿಯನ್ನೂ ಕೊಡಬೇಕೆಂಬುದನ್ನು ನಾವು ಮರೆಯುತ್ತೇವೆಯೋ ಎಂಬ ಅನುಮಾನ ನನಗುಂಟು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ ಸುಮಾರು 450 ಸೈಕಲ್ಲುಗಳೊಡನೆ ಪ್ರಾರಂಭವಾಯಿತು. ಅವು ಓಡಬೇಕಾದುದು ಬಸ್ಸು ಆಟೋಗಳ ನಡುವೆಯೇ. ಅದಕ್ಕೂ ಮೊದಲು, 2006–07ರಿಂದ, ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚತೊಡಗಿತ್ತು. ಕೋವಿಡ್ಡಿನ ಕಾಲಕ್ಕೆ ಅದು ನಿಂತಿತು. ನಿಲ್ಲುವುದಕ್ಕೆ ಮೊದಲು ನನಗೂ ಒಂದು ದೊರೆತಿತ್ತು. ನಮ್ಮೂರಿನಿಂದ ಬಸ್ಸು ನಿಲ್ಲುವ ಹೆದ್ದಾರಿಗೆ ಕಾಲುದಾರಿಯಲ್ಲಿ ಒಂದೂವರೆ ಕಿಲೋಮೀಟರ್. ಟಾರು ರಸ್ತೆ ಹಿಡಿದರೆ ನಾಲ್ಕು. ನಾಲೆಯ ಏರಿಯ ಮೇಲೆ ಸ್ವಲ್ಪ ದೂರ ಸಾಗಿ, ಮೂವರ ಜಮೀನನ್ನು ಹಾಯ್ದು ಹೋಗುವ ಆ ಒಳದಾರಿಯಲ್ಲಿಯೇ ಸೈಕಲ್ ತುಳಿದು ನಾನು ಹೈಸ್ಕೂಲನ್ನೂ ಪಿ.ಯು.ಸಿ.ಯನ್ನೂ ಮುಗಿಸಿದೆ.

ಎರಡು ವರ್ಷದ ಹಿಂದೆ ಆ ದಾರಿಗೆ ಅಡ್ಡಲಾಗಿ ಒಂದು ಜಮೀನಿನಲ್ಲಿ ತಂತಿಬೇಲಿ ಬಂದಿತು. ಮುಂಜಾನೆ ಆರೂವರೆಯ ಬಸ್ಸಿಗೆ ಕತ್ತಲಲ್ಲಿ ನಾಲ್ಕು ಕಿಲೋಮೀಟರ್ ನಡೆಯಬೇಕಲ್ಲ ಎಂದು ನಮ್ಮ ಬೀದಿಯ ಇಬ್ಬರು ಹುಡುಗಿಯರನ್ನು ಪಿ.ಯು.ಸಿ.ಗೆ ಕಳುಹಿಸಲು ಮನೆಯವರು ಒಪ್ಪಲಿಲ್ಲ. ಜಮೀನಿನ ಯಜಮಾನರ ಮಾತಿನಲ್ಲಿಯೂ ನ್ಯಾಯವಿಲ್ಲದಿಲ್ಲ. “ನಡ್ಕೊಂಡು ಹೋಗೋರ್ನ ನಾನೆಲ್ಲಪ್ಪ ಬೇಡ ಅಂದೆ? ಮೋಟಾರ್ ಬೈಕು ನುಗ್ಗುಸ್ತಾರಲ್ಲ!” ಎಂದರು ಅವರು. ಮಲೆನಾಡಿನ ಕಡೆ ಬೇಲಿಯಲ್ಲಿ ಮನುಷ್ಯರು ಮಾತ್ರ ದಾಟುವಂತೆ ತಡಬೆ ಎಂಬುದನ್ನು ಇಡುವರು; ದನ ದಾಟಲಾರದು, ಬೈಕೂ ದಾಟಲಾರದು. (ಸೈಕಲ್ಲನ್ನು ಮಾತ್ರ ಹೆಗಲಿಗೇರಿಸಬೇಕಾದೀತು.) ಹಾಗೊಂದನ್ನು ಇಡಬಹುದೇ ಎಂಬ ಮಾತುಕತೆ ಇನ್ನೂ ಮುಗಿದಿಲ್ಲ.

ಈ ಸಂದರ್ಭದಲ್ಲಿಯೇ ನಾನು ನಮ್ಮೂರಿನ ಗ್ರಾಮನಕ್ಷೆಯನ್ನು ನೋಡಿದುದು. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಇದನ್ನು ಪಡೆಯಬಹುದು. ಅದರಲ್ಲಿ ಒಂಟಿ ಚುಕ್ಕೆಗೆರೆ ಕಾಲುದಾರಿಯನ್ನೂ ಜೋಡಿ ಚುಕ್ಕೆಗೆರೆ ಬಂಡಿದಾರಿಯನ್ನೂ ಸೂಚಿಸುತ್ತದೆ. ನಮ್ಮ ಬಸ್ಸಿನ ದಾರಿ ಅಲ್ಲಿ ಚುಕ್ಕೆಗೆರೆಯಾಗಿ ಸ್ಪಷ್ಟವಾಗಿದೆ. ಅಜ್ಜಿಯನ್ನು ಕೇಳಿ, ಅವರು ಬಲ್ಲ ದಾರಿಗಳನ್ನೆಲ್ಲ ನಡೆದು ಪಟ್ಟಿ ಮಾಡಿದೆ: ಒಟ್ಟು ಏಳು. ನಕ್ಷೆಯಲ್ಲಿರುವುದು ಮೂರು ಮಾತ್ರ. ನಕ್ಷೆಯಲ್ಲಿದ್ದೂ ಮುಚ್ಚಿದ ದಾರಿಗೆ ಕೇಳುವ ಆಧಾರವಾದರೂ ಉಂಟು. ನಕ್ಷೆಯಲ್ಲಿಲ್ಲದೆ ತೆರೆದಿರುವ ನಾಲ್ಕು ದಾರಿಗಳೇ ಹೆಚ್ಚು ಅಪಾಯದಲ್ಲಿವೆ. ಅವುಗಳಲ್ಲೊಂದು ಅಂಗನವಾಡಿಗೆ ಹೋಗುವುದು, ಮತ್ತೊಂದು ಸ್ಮಶಾನಕ್ಕೆ.

ಇಂಗ್ಲೆಂಡಿನಲ್ಲಿ ಈ ತೊಡಕನ್ನು ಬಿಡಿಸಿಕೊಂಡ ಬಗೆ ವಿಚಾರಾರ್ಹವಾದುದು. 1949ರ ಶಾಸನವೊಂದು ಇಂಗ್ಲೆಂಡ್ ಮತ್ತು ವೇಲ್ಸಿನ ಕೌಂಟಿ ಕೌನ್ಸಿಲ್ಲುಗಳು ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕ್ಷೆ ತಯಾರಿಸಬೇಕೆಂದು ವಿಧಿಸಿತು. ಊರೂರಿನ ಪ್ಯಾರಿಷ್ ಕೌನ್ಸಿಲ್ಲುಗಳು, ಅಂದರೆ ನಮ್ಮ ಪಂಚಾಯಿತಿಯಂತಹವು, ತಮ್ಮ ದಾರಿಗಳ ವಿವರ ಒದಗಿಸಿದವು. ಆ ನಕ್ಷೆಯಲ್ಲಿ ಸೇರಿದ ದಾರಿಗೆ ಬೇರೆ ಸಾಕ್ಷಿ ಬೇಕಿಲ್ಲ. ರೈತನ ಕೈಯನ್ನೂ ಪೂರ್ತಿ ಕಟ್ಟಿಹಾಕಿಲ್ಲ: 1990ರ ಕಾನೂನಿನಂತೆ ಹೊಲದ ನಡುವಿನ ಕಾಲುದಾರಿಯನ್ನು ಬಿತ್ತನೆಗಾಗಿ ಆತನು ಉಳಬಹುದು, ಆದರೆ 14 ದಿನಗಳೊಳಗೆ, ಅಗಲ ಬೇರೆ ದಾಖಲಾಗಿರದಿದ್ದರೆ, ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಹಸನು ಮಾಡಿಕೊಡಬೇಕು. ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ದಾರಿಯೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಗುಂಟೆ. ಸಣ್ಣ ಹಿಡುವಳಿದಾರನಿಗೆ ಗುಂಟೆಯೂ ದೊಡ್ಡದೇ, ನಿಜ. ಅದಕ್ಕೆ ಊರು ಏನಾದರೂ ಪ್ರತಿಫಲ ಕೊಡುವುದು ನ್ಯಾಯವೆಂದು ನನಗೆ ತೋರುತ್ತದೆ.

ನಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಏಳು ದಿನ ನಡೆಯುತ್ತದೆ. ಮುಂದಿನ ಶಿಬಿರದಲ್ಲಿ ಒಂದೆರಡು ದಿನವನ್ನು ಈ ಕೆಲಸಕ್ಕೆ ಬಿಡಬಹುದು. ನಾಲ್ವರ ತಂಡಕ್ಕೊಂದು ಗ್ರಾಮನಕ್ಷೆ, ಒಂದು ಅಳತೆ ಪಟ್ಟಿ, ಜೊತೆಗೆ ಊರಿನ ಒಬ್ಬ ಹಿರಿಯರು ಇದ್ದರೆ ಸಾಕು. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾರು ನಡೆಯುತ್ತಾರೆ, ಎಷ್ಟು ವರ್ಷದಿಂದ, ಎಲ್ಲಿ ಮುಚ್ಚಿದೆ ಎಂಬುದನ್ನು ಬರೆದುಕೊಂಡು ಗ್ರಾಮಸಭೆಯ ಮುಂದಿಡಬೇಕು. ಹೆಂಗಸರನ್ನು ಕೇಳದೆ ಪಟ್ಟಿ ಪೂರ್ಣವಾಗದು; ಅಜ್ಜಿ ಹೇಳಿದ ಏಳರಲ್ಲಿ ಎರಡು ದಾರಿಗಳು ನನ್ನ ತಂದೆಯವರಿಗೇ ತಿಳಿದಿರಲಿಲ್ಲ. ನಮ್ಮೂರಿನ ಪಟ್ಟಿಯ ಒಂದು ಪ್ರತಿಯನ್ನು ಭೂಗೋಳಶಾಸ್ತ್ರ ವಿಭಾಗದಲ್ಲಿ ಕೊಟ್ಟಿದ್ದೇನೆ. ಬೇರೆ ಊರುಗಳಿಂದ ಬರುವ ಮಿತ್ರರು ತಮ್ಮದನ್ನೂ ಅದರೊಡನೆ ಸೇರಿಸಬೇಕೆಂದು ಕೋರುತ್ತೇನೆ.