ಪೈಪಿಗೆ ವಾರಂಟಿ ಮಾಡಿಸೋ ಮುಂಚೆ

ಹೊಸ ಮನೆಗೆ ನೀರಿನ ಲೈನ್ ಎಳೆಸಿದ್ದಾಯ್ತು ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ. ನೀರಿನ ಪೈಪು, ಕಕ್ಕಸಿನ ಪೈಪು ಎರಡಕ್ಕೂ ವರ್ಷಕ್ಕಿಷ್ಟು ಅಂತ ಕಟ್ಟಿದರೆ ವಾರಂಟಿ ಕೊಡ್ತೀವಿ ಅಂತ ಯಾರೋ ಬೆನ್ನು ಹತ್ತಿದ್ದಾರೆ, ನೀನೂ ಹೂಂ ಅನ್ನೋ ಹಾಗಿದೀಯ ಅಂತಲೂ ಅಂದಳು. ಬೇಡವೇ ಬೇಡ ಅನ್ನೋಕೆ ನಾನ್ಯಾರು ಅಳಿಯ? ದುಡ್ಡು ಎಣಿಸೋ ಮುಂಚೆ ಸೋದರಮಾವನ ಮಾತು ಒಂದಿಷ್ಟು ಕೇಳಿಸ್ಕೋ, ಅಷ್ಟೇ.

ಯಾವ ಪೈಪು ಯಾರದು ಅನ್ನೋದನ್ನ ಮೊದಲು ತಿಳ್ಕೋ. ರಸ್ತೆಬದಿಯ ದೊಡ್ಡ ಪೈಪು ಪಂಚಾಯ್ತಿಯದು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಬಂತಲ್ಲ, ಅದರ ನಲ್ಲಿ ಅಂಗಳದವರೆಗೆ ಬರುತ್ತೆ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ. ಅಲ್ಲಿಂದ ಒಳಗೆ ಸಂಪು, ಟ್ಯಾಂಕು ಎಲ್ಲ ನಿನ್ನ ಪಾಡು. ತೋಟದ ಮೇಲಿನ ಒರತೆಯಿಂದ ಇಳಿಸಿರೋ ಕರಿ ಪೈಪಂತೂ ತುದಿಯಿಂದ ತುದಿಗೆ ನಿನ್ನದೇ. ಒಳಚರಂಡಿಯ ಮಾತು ಎತ್ತೋದೇ ಬೇಡ, ನಮ್ಮ ಹಳ್ಳಿ ಮನೆಗಳ ಕಕ್ಕಸಿನ ಪೈಪು ಮುಗಿಯೋದು ಸ್ವಂತ ಗುಂಡಿಯಲ್ಲಿ.

ಈ ವಾರಂಟಿ ವ್ಯಾಪಾರ ಅಮೆರಿಕದಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ನ್ಯೂಯಾರ್ಕಿನಲ್ಲಿ ರಸ್ತೆ ಪೈಪಿನಿಂದ ಮನೆಗೆ ಬರೋ ಲೈನ್ ಕೆಟ್ಟರೆ ಮನೆಯವರೇ ಸರಿ ಮಾಡಿಸ್ಕೋಬೇಕು. ಹಾಗಾಗಿ 2013ರಿಂದ ಬೇಕಾದವರು ನೀರಿನ ಬಿಲ್ಲಿನ ಜೊತೆಗೇ ತಿಂಗಳಿಗಿಷ್ಟು ಕಟ್ಟಿ ಈ ಭದ್ರತೆ ಪಡೆಯೋ ಏರ್ಪಾಡಿದೆ. ಅಲ್ಲಿ ರಸ್ತೆ ಅಗೆದು ಮುಚ್ಚೋಕೆ ಸಾವಿರಾರು ಡಾಲರ್ ಬೇಕು, ಲೆಕ್ಕ ಕೂಡಿಬರುತ್ತೆ. ನಿನ್ನ ಕರಿ ಪೈಪು ಒಡೆದರೆ ಬೇಕಿರೋದು ಒಂದು ಜಾಯಿಂಟು, ಇಬ್ಬರು ಆಳು, ಅರ್ಧ ದಿನ.

ಇನ್ನು ನಮ್ಮ ಕಡೆ ಪೈಪು ಒಡೆಯೋದು ಯಾತರಿಂದ ಹೇಳು? ಮುಳ್ಳುಹಂದಿ ಕಡಿದ ಪೈಪನ್ನ ಕೈಯಲ್ಲಿ ಹಿಡಿದು ನೋಡು, ಉಳಿಯಲ್ಲಿ ಕೆತ್ತಿದ ಹಾಗೆ ಜೋಡಿ ಜೋಡಿ ಗೀರು ಇರುತ್ತೆ. ಆನೆ ಕಾಲಿಟ್ಟ ಜಾಗದಲ್ಲಾದರೆ ಪೈಪು ಚಪ್ಪಟೆಯಾಗಿ ಕೆಸರಲ್ಲಿ ಹೂತು ಹೋಗಿರುತ್ತೆ. ಹೈಕೋರ್ಟ್ ಆದೇಶದ ಮೇಲೆ 2014ರಲ್ಲಿ ಆಲೂರು ಸುತ್ತಮುತ್ತ 22 ಆನೆ ಹಿಡಿದು ಸಾಗಿಸಿದರು, ಆದರೂ ತೋಟಕ್ಕೆ ಆನೆ ಬರೋದು ನಿಂತಿದೆಯಾ? ಆಮೇಲೆ ಮಳೆ. 2018ರ ಆಗಸ್ಟ್‌ನಲ್ಲೂ 2024ರ ಜುಲೈನಲ್ಲೂ ಘಾಟಿಯ ಎಡಕುಮರಿ ಕಡೆ ಗುಡ್ಡ ಜರಿದು ರೈಲೇ ನಿಂತುಹೋಯ್ತು. ನಿನ್ನ ಪೈಪು ಯಾವ ಲೆಕ್ಕ ಮಾರಾಯ!

ಈಗ ಆ ವಾರಂಟಿ ಕಾಗದ ತಗೊಂಡು ಹಿಂಬದಿಯ ಸಣ್ಣಕ್ಷರ ಓದು. ಪ್ರಕೃತಿ ವಿಕೋಪ, ಪ್ರಾಣಿಗಳಿಂದಾದ ಹಾನಿ, ಅಗೆಯೋ ಕೂಲಿ ಇವು ಸೇರೋದಿಲ್ಲ ಅಂತಿದ್ದರೆ ನಿನಗೆ ಉಳಿಯೋದೇನು? ಸೇರುತ್ತೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಸೀಲ್ ಹಾಕಿ ಕೊಡಲಿ. ಶ್ರಾವಣದ ಮಳೆಯಲ್ಲಿ ಘಾಟಿಯಂಚಿಗೆ ಯಾರು ಬರ್ತಾರೆ, ಎಷ್ಟು ದಿನದೊಳಗೆ ಬರ್ತಾರೆ ಅಂತಲೂ ಕೇಳು. ಇನ್ನೊಂದು ವಿಷಯ, ಇಂಥ ವಾರಂಟಿ ಬೇರೆ, ಇನ್ಶೂರೆನ್ಸ್ ಬೇರೆ. ಕಂಪನಿ ಬಾಗಿಲು ಹಾಕಿದರೆ ವಿಮಾ ಲೋಕಪಾಲರ ಹತ್ತಿರ ಹೋಗೋ ಹಾಗಿಲ್ಲ.

ದುಡ್ಡು ಕಟ್ಟಲೇಬೇಕು ಅನ್ನಿಸಿದರೆ ‘ಭಾರತ್ ಗೃಹ ರಕ್ಷಾ’ ಅಂತ ಮನೆ ವಿಮೆ ಇದೆ, ಅದನ್ನ ವಿಚಾರಿಸು. 2021ರ ಏಪ್ರಿಲ್‌ನಿಂದ ಬಂದದ್ದು, ಷರತ್ತೆಲ್ಲ ಎಲ್ಲ ಕಂಪನಿಯಲ್ಲೂ ಒಂದೇ. ಪ್ರವಾಹ, ಭೂಕುಸಿತ, ಟ್ಯಾಂಕು ಪೈಪು ಒಡೆದು ಮನೆಗಾದ ಹಾನಿ ಅದರಲ್ಲಿ ಬರುತ್ತೆ. ಸೆಪ್ಟಿಕ್ ಟ್ಯಾಂಕನ್ನೂ ಮನೆಯ ಭಾಗ ಅಂತಲೇ ಲೆಕ್ಕ ಹಿಡೀತಾರೆ. ಹಳೇದಾಗಿ ಸವೆದ ಪೈಪಿಗೆ ಮಾತ್ರ ಕಾಸು ಬರೋಲ್ಲ. ಸೈಟಿಗೆ ಅಂತ ಜೆಸಿಬಿಯಲ್ಲಿ ಧರೆ ಕಡಿಸಿ ಅದೇ ಜರಿದರೂ ಅಷ್ಟೇ, ಅಗೆತದಿಂದಾದ ಕುಸಿತವನ್ನ ಹೊರಗಿಟ್ಟಿದ್ದಾರೆ. ಮುಂದೆ ಹೋಂಸ್ಟೇ ಮಾಡೋ ಯೋಚನೆ ಇದ್ದರೆ ವಿಮಾ ಕಂಪನಿಗೆ ಮೊದಲೇ ತಿಳಿಸು, ಆ ಪಾಲಿಸಿ ಇರೋದು ವಾಸದ ಮನೆಗೆ.

ಇನ್ನು ಕಕ್ಕಸಿನ ಗುಂಡಿ ವಿಷಯಕ್ಕೆ ಯಾವ ವಾರಂಟಿಯೂ ಸಹಾಯಕ್ಕೆ ಬರೋಲ್ಲ. ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಅರವತ್ತಡಿ ದೂರ ಇರಲಿ, ಬಾವಿಗಿಂತ ಇಳಿಜಾರಿನಲ್ಲಿರಲಿ. ಮಳೆಗಾಲದಲ್ಲಿ ನಮ್ಮ ನೆಲವೇ ನೀರು ಕುಡಿದು ಉಬ್ಬಿರುತ್ತೆ, ಆವಾಗ ಗುಂಡಿ ಇಂಗದೆ ವಾಪಸ್ ಒತ್ತುತ್ತೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲೇ ಸಕ್ಕಿಂಗ್ ಗಾಡಿ ಕರೆಸು. ಗಾಡಿ ಸಿಗಲಿಲ್ಲ ಅಂತ ಆಳನ್ನ ಗುಂಡಿಗೆ ಇಳಿಸೋದು ಮಾತ್ರ ಖಂಡಿತ ಬೇಡ. 2013ರ ಕಾನೂನಿನ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಒಳಗಿನ ಗ್ಯಾಸಿಗೆ ಜೀವ ಹೋಗುತ್ತೆ.

ವಾರಂಟಿಗೆ ಕೊಡೋ ಅದೇ ದುಡ್ಡಲ್ಲಿ ಮೂರು ಕಡೆ ಗೇಟ್ ವಾಲ್ ಕೂರಿಸು, ಒಂದು ಸುರುಳಿ ಪೈಪು, ನಾಲ್ಕಾರು ಜಾಯಿಂಟು ತಂದು ಕಾಫಿ ಗೋಡೌನಿನಲ್ಲಿ ಇಡು. ಪೈಪು ಹಾಕಿದ ಕಾಲುವೆ ಇನ್ನೂ ಮುಚ್ಚಿಲ್ಲ ಅಂದಳು ನಿಮ್ಮಮ್ಮ. ಮುಚ್ಚಿಸೋ ಮುಂಚೆ ಟೇಪ್ ಹಿಡಿದು ಗೋಡೆಯಿಂದ ಎಷ್ಟಡಿ, ಆಳ ಎಷ್ಟು ಅಂತ ಅಳತೆ ಕಾಣೋ ಹಾಗೆ ಮೊಬೈಲಲ್ಲಿ ಫೋಟೋ ತೆಗಿ. ತೆಗೆದದ್ದನ್ನ ಅವಳ ಫೋನಿಗೂ ಕಳಿಸು, ಊರಲ್ಲಿ ಇರೋಳು ಅವಳೇ ತಾನೇ.