ಮುಳ್ಳಿಲಿ ಕಂಡರೆ ಏನು ಮಾಡಬೇಕು?



ಬೇಲಿ ಸವರುವಾಗಲೋ ಬದುವಿನ ಕಲ್ಲುಗುಡ್ಡೆ ಕದಲಿಸುವಾಗಲೋ ಅಂಗೈ ಅಗಲದ ಮುಳ್ಳಿನ ಉಂಡೆಯೊಂದು ಉರುಳಿ ಬಂದರೆ ಹೆಚ್ಚಿನವರು ಅದನ್ನು ಮುಳ್ಳುಹಂದಿಯ ಮರಿ ಎಂದುಕೊಂಡು ದೊಣ್ಣೆ ಎತ್ತುತ್ತಾರೆ. ಅದು ಮುಳ್ಳುಹಂದಿಯಲ್ಲ, ಮುಳ್ಳಿಲಿ. ತಮಿಳು ನೆರೆಯವರು ಮುಳ್ಳೆಲಿ ಎನ್ನುತ್ತಾರೆ. ಮುಳ್ಳುಹಂದಿ ದೊಡ್ಡ ಪ್ರಾಣಿ. ಗೆಡ್ಡೆ, ಕಡಲೆಕಾಯಿ ಅಗೆದು ತಿಂದು ಬೆಳೆ ಹಾಳುಮಾಡುತ್ತದೆ. ಮುಳ್ಳಿಲಿಗೆ ಬೆಳೆಯ ಗೊಡವೆಯಿಲ್ಲ. ಕತ್ತಲಾದ ಮೇಲೆ ಹೊರಟು ಗೆದ್ದಲು, ಜೀರುಂಡೆ, ಮಣ್ಣಿನ ಹುಳುಗಳನ್ನು ಹುಡುಕಿ ತಿನ್ನುತ್ತದೆ. ಹೆಸರಿನಲ್ಲಿ ಇಲಿ ಇದ್ದರೂ ಇಲಿಯ ಜಾತಿಗೂ ಸೇರಿದ್ದಲ್ಲ. ನಮ್ಮ ಕಡೆಯ ಮುಳ್ಳಿಲಿಯನ್ನು ವಿಜ್ಞಾನಿಗಳು 1851ರಲ್ಲಿ ಮೊದಲು ವರ್ಣಿಸಿದರು. ಈ ಜಾತಿ ದಕ್ಷಿಣ ಭಾರತದ ಒಣ ಕುರುಚಲು ಸೀಮೆ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ದೊಣ್ಣೆ ಎತ್ತದವರು ಇನ್ನೊಂದು ಕೆಲಸ ಮಾಡುತ್ತಾರೆ. "ಪಾಪ, ತಾಯಿಯಿಲ್ಲದ ಮರಿ" ಎಂದು ಬುಟ್ಟಿಯಲ್ಲಿಟ್ಟು ಮನೆಗೆ ತಂದು ಹಸುವಿನ ಹಾಲು ಇಡುತ್ತಾರೆ. ಕರುಣೆ ಒಳ್ಳೆಯದೇ. ಆದರೆ ಹಸುವಿನ ಹಾಲು ಅದಕ್ಕೆ ಅರಗದು, ಭೇದಿಯಾಗಿ ಸಾಯುತ್ತದೆ. ಅದು ಮರಿಯಾಗಿರುವುದೂ ಅಪರೂಪ. ಬೆಳೆದ ಮುಳ್ಳಿಲಿಯೇ ಅಷ್ಟು ಚಿಕ್ಕದು.

ಹಾಗಾದರೆ ಯಾವಾಗ ಕೈ ಹಾಕಬೇಕು? ರಾತ್ರಿ ಓಡಾಡುವ ಮುಳ್ಳಿಲಿಗೆ ನಮ್ಮ ನೆರವು ಬೇಡ. ನಿಮ್ಮನ್ನು ಕಂಡು ಉಂಡೆಯಾದರೆ ಅದು ಆರೋಗ್ಯದ ಲಕ್ಷಣ, ರೋಗದ್ದಲ್ಲ. ದೀಪ ಆರಿಸಿ ದೂರ ಸರಿದರೆ ತಾನಾಗಿ ಬಿಚ್ಚಿಕೊಂಡು ಹೋಗುತ್ತದೆ. ಬಿಲದಲ್ಲೋ ಕಲ್ಲಿನ ಸಂದಿಯಲ್ಲೋ ತಣ್ಣಗೆ, ಅಲುಗದೆ ಮಲಗಿದ್ದರೆ ಸತ್ತಿದೆಯೆಂದು ಎಸೆಯಬೇಡಿ. ಆಹಾರ ಸಿಗದ ದಿನಗಳಲ್ಲಿ ಮೈ ತಣ್ಣಗಾಗಿಸಿಕೊಂಡು ಜಡವಾಗಿ ಮಲಗುವ ಗುಣ ಮುಳ್ಳಿಲಿಯ ಕುಲಕ್ಕಿದೆ. ಗೂಡು ಬಯಲಾಗಿ ಕಣ್ಣು ಬಿಡದ ಮರಿಗಳು ಕಂಡರೆ ಮುಟ್ಟದೆ, ತರಗು ಮುಚ್ಚಿ, ಆ ದಿನ ಅಲ್ಲಿ ಕೆಲಸ ನಿಲ್ಲಿಸಿ. ಗಾಬರಿಗೊಂಡ ತಾಯಿ ಮರಿಗಳನ್ನು ತೊರೆಯುತ್ತದೆ, ಕೆಲವೊಮ್ಮೆ ತಿಂದೇ ಬಿಡುತ್ತದೆ.

ನೆರವು ಬೇಕಾದ ಪ್ರಾಣಿಯ ಗುರುತು ಬೇರೆ. ಹಾಡುಹಗಲಲ್ಲಿ ಬಯಲಿನಲ್ಲಿ ಉಂಡೆಯಾಗದೆ ಚಪ್ಪಟೆಯಾಗಿ ಬಿದ್ದಿದ್ದರೆ, ತೂರಾಡುತ್ತಿದ್ದರೆ, ನೊಣ ಮುತ್ತಿದ್ದರೆ, ನಾಯಿ ಕಚ್ಚಿದ್ದರೆ, ವಾಹನ ತಗುಲಿದ್ದರೆ ತಡಮಾಡಬಾರದು. ಕಣ್ಣು ಬಿಡದ ಮರಿಗಳು ಗೂಡಿನ ಹೊರಗೆ ಬಿದ್ದು ಕೀರಲು ದನಿಯಲ್ಲಿ ಕೂಗುತ್ತಿದ್ದರೂ ಹಾಗೆಯೇ. ದಪ್ಪ ಟವೆಲಿನಲ್ಲಿ ಎತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಡಿ. ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ತಟ್ಟೆಯಲ್ಲಿ ಸ್ವಲ್ಪ ನೀರು ಸಾಕು. ಬಾಯಿಗೆ ಏನನ್ನೂ ಹುಯ್ಯಬೇಡಿ. ಪಶುವೈದ್ಯರಿಗೆ ತೋರಿಸಿ ಅರಣ್ಯ ಇಲಾಖೆಗೆ ತಿಳಿಸಿ. ನಿಮಗೇ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಇಂಗ್ಲೆಂಡಿನಲ್ಲಿ ಚಳಿಗಾಲದ ಮುಂಚೆ ಸುಮಾರು 450 ಗ್ರಾಂಗಿಂತ ಕಡಿಮೆ ತೂಗುವ ಮುಳ್ಳಿಲಿಯ ಬಗ್ಗೆ ಕಾಳಜಿ ಮಾಡುತ್ತಾರೆ. ತಿಂಗಳುಗಟ್ಟಲೆ ನಿದ್ರೆಗೆ ಮೈಯಲ್ಲಿ ಕೊಬ್ಬು ಬೇಕು. ನಮ್ಮದು ಬೇರೆ ಜಾತಿ, ಬೇರೆ ಹವೆ. ಆ ತಕ್ಕಡಿ ಇಲ್ಲಿ ಹಿಡಿಯಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ತಮಿಳುನಾಡಿನಲ್ಲಿ ಮುಳ್ಳಿಲಿಯನ್ನು ಹಿಡಿಯುವವರಲ್ಲಿ ಅನೇಕರು ಹಿಡಿಯುವುದು ಔಷಧಕ್ಕಾಗಿ. ಮುಳ್ಳು ಸುಟ್ಟ ಬೂದಿಯನ್ನು ಜೇನಿನಲ್ಲಿ ಕಲಸಿ ನಾಯಿಕೆಮ್ಮಿನ ಮಕ್ಕಳಿಗೆ ನೆಕ್ಕಿಸುವ ರೂಢಿ ಅಲ್ಲಿದೆ. ನಮ್ಮ ಅಜ್ಜಿಯರ ಮದ್ದುಗಳನ್ನೆಲ್ಲ ನಾನು ತಳ್ಳಿಹಾಕುವವನಲ್ಲ. ಆದರೆ ಮುಳ್ಳಿಲಿಯ ಮುಳ್ಳು ನಮ್ಮ ಉಗುರು, ಕೂದಲು ಯಾವ ವಸ್ತುವಿನಿಂದ ಆಗಿದೆಯೋ ಅದರಿಂದಲೇ ಆದದ್ದು. ಸುಟ್ಟ ಉಗುರನ್ನು ಮಗುವಿಗೆ ತಿನ್ನಿಸುತ್ತೀರಾ? ಜೇನೂ ಒಂದು ವರ್ಷದೊಳಗಿನ ಕೂಸಿಗೆ ಕೊಡಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ನಾಯಿಕೆಮ್ಮು ಸಾಮಾನ್ಯ ಕೆಮ್ಮಲ್ಲ, ಬ್ಯಾಕ್ಟೀರಿಯಾದಿಂದ ಬರುವ ಅಂಟುರೋಗ. ಮಗು ಬಿಡದೆ ಕೆಮ್ಮಿ, ಕೊನೆಗೆ 'ಹೂಪ್' ಎಂದು ಉಸಿರೆಳೆದು, ವಾಂತಿ ಮಾಡಿಕೊಳ್ಳುತ್ತದೆ. ಆರು ತಿಂಗಳೊಳಗಿನ ಕೂಸಿನಲ್ಲಿ ಆ ಶಬ್ದವೂ ಬರದೆ ಉಸಿರೇ ನಿಂತು ತುಟಿ ನೀಲಿಯಾಗಬಹುದು. ಅಂಥ ಮಗುವನ್ನು ಬೆಳಗಾಗಲಿ ಎಂದು ಇಟ್ಟುಕೊಳ್ಳಬೇಡಿ. ಆರಂಭದಲ್ಲೇ ಆಂಟಿಬಯೋಟಿಕ್ ಕೊಟ್ಟರೆ ರೋಗ ಹತೋಟಿಗೆ ಬರುತ್ತದೆ, ಮನೆಯ ಇತರ ಮಕ್ಕಳಿಗೆ ಹರಡುವುದೂ ತಗ್ಗುತ್ತದೆ. ತಡೆಯಲು ಲಸಿಕೆಯಿದೆ: 6, 10 ಮತ್ತು 14 ವಾರಗಳಲ್ಲಿ ಪೆಂಟಾವಲೆಂಟ್, ಆಮೇಲೆ 16ರಿಂದ 24 ತಿಂಗಳೊಳಗೆ ಮತ್ತು 5-6 ವರ್ಷಕ್ಕೆ ಡಿಪಿಟಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎಲ್ಲವೂ ಉಚಿತ. ಸುಗ್ಗಿಯ ಗಡಿಬಿಡಿಯಲ್ಲಿ ಎರಡನೆಯ, ಮೂರನೆಯ ಸೂಜಿ ತಪ್ಪಿಸುವ ತಾಯಂದಿರು ನಮ್ಮಲ್ಲಿ ಇದ್ದಾರೆ. ತಪ್ಪಿದ್ದರೆ ಈಗಲೂ ಹೋಗಿ, ಕಾರ್ಡು ಜೊತೆಗಿರಲಿ.

ಹೊಲದ ಕಡೆಗೂ ಒಂದೆರಡು ಮಾತು. ಒಟ್ಟಿದ ಕಸದ ರಾಶಿಗೆ ಬೆಂಕಿ ಹಚ್ಚುವ ಮುಂಚೆ ಕೋಲಿನಿಂದ ಎತ್ತಿ ನೋಡಿ. ನೆಲಕ್ಕೆ ತಾಗುವ ನೈಲಾನ್ ಬಲೆಯನ್ನು ಒಂದು ಗೇಣು ಮೇಲೆ ಕಟ್ಟಿ. ಪ್ಲಾಸ್ಟಿಕ್ ಹಾಸಿದ ನೀರಿನ ಹೊಂಡಕ್ಕೆ ಬಿದ್ದ ಮುಳ್ಳಿಲಿ ಈಜಿದರೂ ಜಾರುವ ದಡ ಹತ್ತಲಾರದು. ಒಂದು ಹಳೆಯ ಗೋಣಿತಾಟನ್ನು ದಡದಲ್ಲಿ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಅದನ್ನು ಹಿಡಿದು ಮೇಲೆ ಬರುತ್ತದೆ.