ಹಳೆ ಲೆಕ್ಕ ಒಪ್ಪಿಸಿಕೊಂಡು ಹೊಸ ಲೆಕ್ಕ ತೆರೆಯುವ ಕ್ರಮ



ನಮ್ಮ ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುವವರು ಬದಲಾದರೆ ನಾವೇನು ಮಾಡುತ್ತೇವೆ? ಹಳಬರು ಊರಿಗೆ ಹೊರಡುವ ಮುಂಚೆ ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಕ್ಕಿ, ಉದ್ದು, ಎಣ್ಣೆ ಡಬ್ಬ, ತುಪ್ಪ, ಪಾತ್ರೆಪಗಡಿ ಎಲ್ಲವನ್ನೂ ಎಣಿಸುತ್ತೇವೆ. ಪಟ್ಟಿ ಬರೆದು ಇಬ್ಬರ ಸಹಿ ಹಾಕಿಸಿಕೊಂಡ ಮೇಲೆಯೇ ಬೀಗದ ಕೈ ಕೊಡುತ್ತೇವೆ. ಲೆಕ್ಕಪತ್ರವನ್ನು ಹಳೆಯ ಸಾಫ್ಟ್‌ವೇರ್‌ನಿಂದ ಕ್ಲೌಡ್‌ಗೆ ಸಾಗಿಸುವುದೂ ಇಂಥದೇ ಕೆಲಸ. ಆದರೆ ಇಲ್ಲಿ ಮಾತ್ರ ಹಲವರು ಎಣಿಸದೆಯೇ ಬೀಗದ ಕೈ ಕೊಟ್ಟುಬಿಡುತ್ತಾರೆ. ನಾನೂ ಹಾಗೆ ಮಾಡಿ ಪಾಠ ಕಲಿತವನು. ಆ ಅನುಭವವನ್ನೇ ಈ ಬಾರಿ ಅಧ್ಯಯನ ಲೇಖನವಾಗಿ ಸದಸ್ಯರ ಮುಂದಿಡುತ್ತಿದ್ದೇನೆ.

ನಾವು ಕಲಿತ ಪಾಠ

ತಂದೆಯವರ ಕಾಲದಲ್ಲಿ ನಮ್ಮಲ್ಲಿ ಇದ್ದುದು ಕಿರ್ದಿ ಮತ್ತು ಖಾತೆ ಪುಸ್ತಕ. ನನ್ನ ಕಾಲಕ್ಕೆ ಕಂಪ್ಯೂಟರ್ ಬಂತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದಾಗ, ಕೌಂಟರ್ ಕೆಳಗೆ ನೆಲದ ಮೇಲಿಟ್ಟಿದ್ದ ನಮ್ಮ ಕಂಪ್ಯೂಟರ್ ಮುಳುಗಿತು. ಬ್ಯಾಕಪ್ ತೆಗೆದ ಫ್ಲಾಪಿಗಳು ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿದ್ದವು, ಅವೂ ಮುಳುಗಿದವು. ಬಿಲ್ ಪುಸ್ತಕ ಮತ್ತು ಪಾಸ್‌ಬುಕ್ ನೋಡಿಕೊಂಡು ನಾಲ್ಕು ತಿಂಗಳ ಲೆಕ್ಕವನ್ನು ಮತ್ತೆ ಬರೆದೆವು.

ಆ ಭಯ ಮನಸ್ಸಿನಲ್ಲಿದ್ದ ಕಾರಣ, ಕೆಲವು ವರ್ಷಗಳ ಹಿಂದೆ ಕ್ಲೌಡ್‌ಗೆ ಹೋಗಲು ನಾನು ಅವಸರ ಮಾಡಿದೆ. ಜುಲೈ 1ರಂದು ಹೊಸ ಲೆಕ್ಕ ಶುರುವಾಯಿತು. ಆದರೆ ಅದರಲ್ಲಿ ತುಂಬಿದ್ದು ಆಡಿಟ್ ಆಗಿದ್ದ ಮಾರ್ಚ್ 31ರ ಶಿಲ್ಕು. ನಡುವಿನ ಮೂರು ತಿಂಗಳ ಪಾವತಿಗಳು ಹೊಸದರಲ್ಲಿ ಇರಲೇ ಇಲ್ಲ. ಹಾಲಿನವರಿಗೂ ಎಣ್ಣೆ ವ್ಯಾಪಾರಿಗೂ ಬಾಕಿ ಇದೆಯೆಂದು ಪರದೆ ತೋರಿಸಿತು, ಮೇನೇಜರ್ ಇನ್ನೊಮ್ಮೆ ಹಣ ಕೊಟ್ಟರು. ಹಾಲಿನವರು ಮರುದಿನವೇ ತಂದು ಹಿಂದಿರುಗಿಸಿದರು. ಎಣ್ಣೆಯ ಹಣ ವಜಾ ಆಗಲು ಐದು ತಿಂಗಳು ಹಿಡಿಯಿತು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಾರ್ಚ್‌ನಲ್ಲಿ ಹಿರಿಯ ಮಗಳ ಮದುವೆಯ ಊಟ ನಮ್ಮಿಂದ ಮಾಡಿಸಿ, ಮೇ ತಿಂಗಳಲ್ಲಿ ಪೈಸೆ ಪೈಸೆ ಚುಕ್ತಾ ಮಾಡಿದ್ದ ಹಳೆಯ ಗಿರಾಕಿಯೊಬ್ಬರಿಗೆ ಹೊಸ ಸಾಫ್ಟ್‌ವೇರ್ 'ಬಾಕಿ ಪಾವತಿಸಿ' ಎಂದು ಮೂರು ಬಾರಿ ಮೆಸೇಜ್ ಕಳಿಸಿತು. ಅವರು ಜಗಳ ಮಾಡಲಿಲ್ಲ. ಕಿರಿಯ ಮಗಳ ಮದುವೆಯ ಆರ್ಡರ್ ಬೇರೆಯವರಿಗೆ ಹೋಯಿತು.

ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ನಾವು ಒಪ್ಪಿಸಿದ ಶಿಲ್ಕೇ ತಪ್ಪಾಗಿತ್ತು.

ಕ್ಲೌಡ್ ಎಂದರೆ ಎರಡು ಬಗೆ

ಮಾರಾಟಕ್ಕೆ ಬರುವವರು ಎರಡಕ್ಕೂ ಕ್ಲೌಡ್ ಎಂದೇ ಹೇಳುತ್ತಾರೆ, ವ್ಯತ್ಯಾಸ ನಾವು ತಿಳಿದಿರಬೇಕು. ಮೊದಲನೆಯ ಬಗೆಯಲ್ಲಿ ನಿಮ್ಮ ಹಳೆಯ ಸಾಫ್ಟ್‌ವೇರ್ ಹಾಗೆಯೇ ಇರುತ್ತದೆ. ಉದಾಹರಣೆಗೆ, ನಮ್ಮಲ್ಲಿ ಅನೇಕರು ಬಳಸುವ ಬೆಂಗಳೂರಿನ ಟ್ಯಾಲಿಯನ್ನು ಕೌಂಟರಿನ ಕಂಪ್ಯೂಟರಿನ ಬದಲು ದೂರದ ಸರ್ವರಿನಲ್ಲಿಟ್ಟು ಇಂಟರ್‌ನೆಟ್ ಮೂಲಕ ತೆರೆಯುವುದು. ಇಲ್ಲಿ ಬದಲಾಗುವುದು ಜಾಗ ಮಾತ್ರ. ಎರಡನೆಯದು ಇಂಟರ್‌ನೆಟ್‌ಗಾಗಿಯೇ ತಯಾರಾದ ಸಾಫ್ಟ್‌ವೇರ್, ಚೆನ್ನೈಯ ಜೋಹೋ ಸಂಸ್ಥೆಯ ಜೋಹೋ ಬುಕ್ಸ್‌ನಂಥದು. ಇಲ್ಲಿ ಖಾತೆಗಳನ್ನೆಲ್ಲ ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬೇಕು. ತಪ್ಪುಗಳು ನುಸುಳುವುದು ಇಲ್ಲಿಯೇ.

ಒಂದೇ ಹೋಟೆಲ್, ಒಂದೇ ಕೌಂಟರ್, ನಂಬಿಕೆಯ ಅಕೌಂಟೆಂಟ್ ಇದ್ದು, ದಿನದ ಬ್ಯಾಕಪ್ ಹೋಟೆಲಿನ ಹೊರಗೆ ಹೋಗುತ್ತಿದ್ದರೆ ಅವಸರ ಬೇಡ. ಎರಡು ಮೂರು ಶಾಖೆ ಇರುವವರಿಗೆ, ಊರಿಗೂ ಇಲ್ಲಿಗೂ ಓಡಾಡುವವರಿಗೆ ಕ್ಲೌಡ್‌ನಿಂದ ನಿಜವಾದ ಲಾಭವಿದೆ.

ಮೊದಲ ಹೆಜ್ಜೆ: ದಿನ ಗೊತ್ತುಪಡಿಸುವುದು

ಏಪ್ರಿಲ್ 1 ಎಲ್ಲಕ್ಕಿಂತ ಒಳ್ಳೆಯದು. ತಪ್ಪಿದರೆ ಯಾವುದಾದರೂ ತಿಂಗಳ ಮೊದಲ ದಿನ. ಯಾವ ದಿನ ಹೊಸ ಲೆಕ್ಕ ಶುರುವೋ ಅದರ ಹಿಂದಿನ ರಾತ್ರಿಯ ಶಿಲ್ಕನ್ನೇ ತುಂಬಬೇಕು. ಏಪ್ರಿಲ್ 1ಕ್ಕೆ ಆಡಿಟ್ ಮುಗಿದಿರುವುದಿಲ್ಲ. ಚಿಂತೆಯಿಲ್ಲ, ಆಡಿಟ್‌ನಲ್ಲಿ ಬದಲಾದ ಅಂಕಿಗಳನ್ನು ನಂತರ ತಿದ್ದಬಹುದು.

ವರ್ಷದ ನಡುವೆ ಬದಲಿಸುವವರು ಬಿಲ್ ನಂಬರಿನ ಬಗ್ಗೆ ಎಚ್ಚರದಿಂದಿರಬೇಕು. ಜಿಎಸ್‌ಟಿ ನಿಯಮದಂತೆ ಒಂದು ಆರ್ಥಿಕ ವರ್ಷದಲ್ಲಿ ಒಂದೇ ನಂಬರ್ ಎರಡು ಬಿಲ್‌ಗಳಿಗೆ ಬರಬಾರದು, ನಂಬರ್ 16 ಅಕ್ಷರ ಮೀರಬಾರದು. ಹೊಸ ಸಾಫ್ಟ್‌ವೇರ್ ಮತ್ತೆ 1ರಿಂದ ಶುರುಮಾಡುವುದಾದರೆ ಮುಂದೆ ಬೇರೆ ಅಕ್ಷರ ಸೇರಿಸಿ ಹೊಸ ಸರಣಿ ಮಾಡಿಕೊಳ್ಳಿ.

ಎರಡನೇ ಹೆಜ್ಜೆ: ಹಳೆ ಲೆಕ್ಕ ಗುಡಿಸುವುದು

ಹತ್ತು ಹದಿನೈದು ವರ್ಷ ನಡೆದ ಲೆಕ್ಕದಲ್ಲಿ ಸತ್ತ ಖಾತೆಗಳು ಬಹಳ ಇರುತ್ತವೆ. ವ್ಯಾಟ್ ಮತ್ತು ಸರ್ವಿಸ್ ಟ್ಯಾಕ್ಸ್ ಖಾತೆಗಳು, ಊರಿಗೆ ಹೋಗಿ ಮರಳಿ ಬಾರದ ಕೆಲಸಗಾರರ ಮುಂಗಡ, ಮುಚ್ಚಿಹೋದ ಆಫೀಸಿನ ಉದ್ರಿ, ಯಾವುದೆಂದು ತಿಳಿಯದೆ ಸಸ್ಪೆನ್ಸ್‌ನಲ್ಲಿಟ್ಟ ಹಣ.

ಇನ್ನೊಂದು ಖಾತೆಯನ್ನು ವಿಶೇಷವಾಗಿ ನೋಡಿ. 2017ರ ಜುಲೈ 1ರಿಂದ ನವೆಂಬರ್ 14ರವರೆಗೆ ರೆಸ್ಟೋರೆಂಟ್‌ಗಳಿಗೆ ಶೇ. 12 ಅಥವಾ 18 ಜಿಎಸ್‌ಟಿ ಇತ್ತು, ಖರೀದಿಯ ಮೇಲಿನ ತೆರಿಗೆಯನ್ನು ವಜಾ ಮಾಡಿಕೊಳ್ಳಬಹುದಿತ್ತು. ನವೆಂಬರ್ 15ರಿಂದ ದರ ಶೇ. 5 ಆಯಿತು, ವಜಾ ಸೌಲಭ್ಯ ಹೋಯಿತು. ಆ ಹಳೆಯ ತೆರಿಗೆ ಶಿಲ್ಕು ಇಂದಿಗೂ ಆಸ್ತಿಯೆಂದು ಕುಳಿತಿರುವ ಪುಸ್ತಕಗಳುಂಟು. ಅದನ್ನು ಹಾಗೆಯೇ ಹೊಸ ಲೆಕ್ಕಕ್ಕೆ ಹೊತ್ತೊಯ್ಯಬೇಡಿ. ಸಿಎ ಅವರೊಂದಿಗೆ ಕುಳಿತು ಒಂದೊಂದು ಖಾತೆಗೂ ತೀರ್ಮಾನ ಮಾಡಿಸಿ.

ಹಾಗೆಂದು ನಿಜವಾದ ಆಸ್ತಿಯನ್ನು ಗುಡಿಸಿಬಿಡಬಾರದು. ಜಾಗದ ಡಿಪಾಸಿಟ್, ಗ್ಯಾಸ್ ಸಿಲಿಂಡರ್ ಮತ್ತು ವಿದ್ಯುತ್ ಡಿಪಾಸಿಟ್‌ಗಳು ವರ್ಷಗಟ್ಟಲೆ ಅಲುಗಾಡದಿದ್ದರೂ ಅವು ನಮ್ಮ ಹಣವೇ. ರಸೀದಿ ಹುಡುಕಿ ಜೊತೆಗಿಡಿ.

ಮೂರನೇ ಹೆಜ್ಜೆ: ಎಣಿಸಿ ಒಪ್ಪಿಸುವುದು

ಹಳೆಯ ಸಾಫ್ಟ್‌ವೇರ್‌ನ ಕೊನೆಯ ರಾತ್ರಿ ತಾಳೆ ಪಟ್ಟಿ ತೆಗೆದು ಪ್ರಿಂಟ್ ಮಾಡಿ. ಗಲ್ಲಾದ ನಗದನ್ನು ಕೈಯಲ್ಲಿ ಎಣಿಸಿ, ಬ್ಯಾಂಕ್ ಶಿಲ್ಕನ್ನು ಸ್ಟೇಟ್‌ಮೆಂಟ್‌ನೊಂದಿಗೆ ಹೊಂದಿಸಿ, ಸ್ಟೋರ್ ತೂಗಿ. ಸರಬರಾಜುದಾರರ ಒಟ್ಟು ಬಾಕಿ ಇಷ್ಟು ಎಂದರೆ ಸಾಲದು. ಯಾರಿಗೆ, ಯಾವ ಬಿಲ್‌ನದು, ಎಷ್ಟು ಎಂಬ ಪಟ್ಟಿ ಬೇಕು. ಮುಖ್ಯವಾದ ಹತ್ತು ಹದಿನೈದು ಮಂದಿಗೆ ಫೋನ್ ಮಾಡಿ 'ನಿಮ್ಮ ಪುಸ್ತಕದಲ್ಲಿ ನಮ್ಮದು ಎಷ್ಟಿದೆ' ಎಂದು ಕೇಳಿ. ಅರ್ಧ ದಿನದ ಕೆಲಸ. ನಾನು ಅಷ್ಟು ಮಾಡಿದ್ದರೆ ಎರಡು ಸಲ ಹಣ ಕೊಡುತ್ತಿರಲಿಲ್ಲ.

ಮದುವೆ, ಉಪನಯನದ ಮುಂಗಡಗಳಿಗೆ ಬೇರೆ ಪಟ್ಟಿ ಮಾಡಿ. ಸೇವೆಗೆ ಪಡೆದ ಮುಂಗಡದ ಮೇಲೆ ಹಣ ಕೈಗೆ ಬಂದಾಗಲೇ ಜಿಎಸ್‌ಟಿ ಬಾಧ್ಯತೆ ಬರುತ್ತದೆ. ಮಾರ್ಚ್‌ನಲ್ಲಿ ಮುಂಗಡಕ್ಕೆ ತೆರಿಗೆ ಕಟ್ಟಿದ್ದರೆ ಆ ವಿಷಯ ಹೊಸ ಲೆಕ್ಕಕ್ಕೆ ತಿಳಿಯಬೇಕು. ಇಲ್ಲದಿದ್ದರೆ ಮೇ ತಿಂಗಳ ಪೂರ್ಣ ಬಿಲ್‌ನಲ್ಲಿ ಮತ್ತೊಮ್ಮೆ ಕಟ್ಟುತ್ತೇವೆ.

ಹಳೆಯ ವೋಚರ್‌ಗಳನ್ನೆಲ್ಲ ಹೊಸದಕ್ಕೆ ತುಂಬಿಸುವ ಆಸೆ ಬೇಡ. ಶಿಲ್ಕು ಮತ್ತು ತೀರದ ಬಿಲ್‌ಗಳು ಸಾಕು. ತುಂಬಿದ ಮೇಲೆ ಹೊಸದರಿಂದಲೂ ತಾಳೆ ಪಟ್ಟಿ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕಿಸಿ. ಒಂದು ರೂಪಾಯಿಯ ಹಿಂದೆ, ಒಂದಕ್ಕೊಂದು ವಜಾ ಆಗಿ ಮರೆಯಾದ ಎರಡು ದೊಡ್ಡ ತಪ್ಪುಗಳಿರಬಹುದು. ಹೊಂದಿದ ಮೇಲೆ ಮಾಲೀಕರು ಮತ್ತು ಅಕೌಂಟೆಂಟ್ ಇಬ್ಬರೂ ಸಹಿ ಹಾಕಬೇಕು.

ನಾಲ್ಕನೇ ಹೆಜ್ಜೆ: ಆನ್‌ಲೈನ್ ಆರ್ಡರಿನ ಖಾತೆ ಸರಿಪಡಿಸುವುದು

ಸ್ವಿಗ್ಗಿ, ಜೊಮ್ಯಾಟೊ ಬಂದ ಮೇಲೆ ನಮ್ಮ ಪುಸ್ತಕಗಳಲ್ಲಿ ಸಾಮಾನ್ಯವಾದ ತಪ್ಪೊಂದಿದೆ. ಬ್ಯಾಂಕಿಗೆ ಬಂದ ಹಣವನ್ನೇ ಮಾರಾಟ ಎಂದು ಬರೆಯುವುದು. ಹೊಸ ಲೆಕ್ಕ ತೆರೆಯುವಾಗ ಇದನ್ನು ತಿದ್ದಲು ಒಳ್ಳೆಯ ಅವಕಾಶ. ಕಮಿಷನ್ ಶೇ. 20 ಎಂದಿಟ್ಟುಕೊಂಡು ಒಂದು ಉದಾಹರಣೆ ನೋಡೋಣ.

ತೆರಿಗೆ ಬಿಟ್ಟು ಮಾರಾಟ: ರೂ. 1,00,000
ಕಮಿಷನ್: ರೂ. 20,000
ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ: ರೂ. 3,600
ಟಿಡಿಎಸ್ ಶೇ. 0.1: ರೂ. 100
ಬ್ಯಾಂಕಿಗೆ ಬರುವುದು: ರೂ. 76,300

76,300 ಮಾತ್ರ ಬರೆದರೆ ಮಾರಾಟ 23,700 ಕಡಿಮೆಯಾಗಿ ಕಾಣುತ್ತದೆ, ಇಲಾಖೆಯ ಬಳಿಯಿರುವ ಅಂಕಿಗೂ ನಮ್ಮದಕ್ಕೂ ತಾಳೆಯಾಗುವುದಿಲ್ಲ. ಟಿಡಿಎಸ್‌ನ 100 ರೂಪಾಯಿ ನಮ್ಮ ಆದಾಯ ತೆರಿಗೆಗೆ ಜಮಾ ಆಗಬೇಕಾದದ್ದು, ಅದೂ ಮರೆತುಹೋಗುತ್ತದೆ. ಶೇ. 5ರ ದರದಲ್ಲಿರುವ ನಮ್ಮಂಥ ಹೋಟೆಲುಗಳಿಗೆ ಕಮಿಷನ್ ಮೇಲಿನ 3,600 ವಜಾ ಸಿಗುವುದಿಲ್ಲ, ಅದು ಖರ್ಚು. 2022ರ ಜನವರಿ 1ರಿಂದ ಈ ಆರ್ಡರ್‌ಗಳ ಶೇ. 5 ಜಿಎಸ್‌ಟಿಯನ್ನು ಆಯಾ ಕಂಪನಿಯೇ ಕಟ್ಟುತ್ತದೆ. ಆದರೂ ಮಾರಾಟವನ್ನು ನಾವು ಜಿಎಸ್‌ಟಿಆರ್-3ಬಿಯಲ್ಲಿ ಬೇರೆ ಸಾಲಿನಲ್ಲಿ ತೋರಿಸಬೇಕು. ಆದ್ದರಿಂದ ಕೌಂಟರ್ ಮಾರಾಟಕ್ಕೆ ಒಂದು ಖಾತೆ, ಆನ್‌ಲೈನ್‌ಗೆ ಒಂದು, ಕೇಟರಿಂಗ್‌ಗೆ ಒಂದು ಇರಲಿ. ಪರ್ಮಿಟ್ ರೂಮ್ ಇರುವವರಿಗೆ ಮದ್ಯದ ಖಾತೆ ಪೂರ್ತಿ ಬೇರೆಯೇ ಬೇಕು, ಅದು ಜಿಎಸ್‌ಟಿಯೊಳಗೆ ಬರುವುದಿಲ್ಲ.

ಐದನೇ ಹೆಜ್ಜೆ: ಒಂದು ತಿಂಗಳು ಜೋಡಿ ಲೆಕ್ಕ

ಮೊದಲ ತಿಂಗಳು ಎರಡರಲ್ಲೂ ಬರೆಯಿಸಿ. ಅಕೌಂಟೆಂಟ್ ಗೊಣಗುತ್ತಾರೆ, ಆ ತಿಂಗಳು ಅವರ ಕೈಗೆ ಸ್ವಲ್ಪ ಹೆಚ್ಚು ಕೊಡಿ. ದಿನವೂ ರಾತ್ರಿ ನಾಲ್ಕೇ ಅಂಕಿ ಹೊಂದಿಸಿದರೆ ಸಾಕು: ಒಟ್ಟು ಮಾರಾಟ, ನಗದು, ಯುಪಿಐ ಮತ್ತು ಕಾರ್ಡ್, ತೆರಿಗೆ. ತಿಂಗಳ ಕೊನೆಯ ಜಿಎಸ್‌ಟಿ ಅಂಕಿ ಎರಡರಲ್ಲೂ ಒಂದೇ ಬಂದರೆ ಹಳೆಯದನ್ನು ನಿಲ್ಲಿಸಿ. ಬಿಲ್ ಮಾತ್ರ ಒಂದರಿಂದಲೇ ಕೊಡಬೇಕು.

ಇಂಟರ್‌ನೆಟ್ ಹೋದಾಗ ಕೌಂಟರಿನಲ್ಲಿ ಬಿಲ್ ನಿಲ್ಲಬಾರದು. ಭಾನುವಾರ ಬೆಳಿಗ್ಗೆ ದೋಸೆಗೆ ಜನ ಸಾಲು ನಿಂತಾಗ ಲೈನ್ ಕಡಿದರೆ ಏನಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ವೈರ್ ಕಿತ್ತು ನೋಡಿ.

ಆರನೇ ಹೆಜ್ಜೆ: ಬೀಗದ ಕೈ

ಕ್ಲೌಡ್‌ನ ಮುಖ್ಯ ಲಾಗಿನ್ ಮಾಲೀಕರ ಇಮೇಲ್ ಮತ್ತು ಮಾಲೀಕರ ಮೊಬೈಲಿನಲ್ಲಿರಬೇಕು. ಸಾಫ್ಟ್‌ವೇರ್ ಹಾಕಿಕೊಟ್ಟವರ ಹೆಸರಿನಲ್ಲೋ ಅಕೌಂಟೆಂಟ್ ಹೆಸರಿನಲ್ಲೋ ಇದ್ದರೆ, ಅವರು ಬಿಟ್ಟುಹೋದ ದಿನ ನಮ್ಮದೇ ಲೆಕ್ಕ ನೋಡಲು ಅವರನ್ನು ಬೇಡಬೇಕಾಗುತ್ತದೆ. ಕ್ಯಾಷಿಯರ್, ಮೇನೇಜರ್, ಅಕೌಂಟೆಂಟ್, ಸಿಎ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಕೆಲಸ ಬಿಟ್ಟವರ ಲಾಗಿನ್ ಅಂದೇ ಮುಚ್ಚಿ. ಬಾಕಿಯ ಮೆಸೇಜ್ ತಾನಾಗಿ ಹೋಗುವ ವ್ಯವಸ್ಥೆಯನ್ನು ಮೊದಲ ಎರಡು ತಿಂಗಳು ನಿಲ್ಲಿಸಿಡಿ.

ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ಗಮನಿಸಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ದಾಖಲೆ ಅಳಿಸಲಾಗದಂತೆ ಇರಲೇಬೇಕು. ದಿನದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿರಬೇಕು. ಪಾಲುದಾರಿಕೆಯವರಿಗೆ ಈ ಕಡ್ಡಾಯವಿಲ್ಲ, ಇದ್ದರೆ ಒಳ್ಳೆಯದು.

ಹಳೆಯದನ್ನು ಎಸೆಯಬೇಡಿ

ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಉಳಿಸಬೇಕು. 2023-24ರ ರಿಟರ್ನ್‌ಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು, ಆದ್ದರಿಂದ ಆ ವರ್ಷದ ಪುಸ್ತಕ 2030ರ ಡಿಸೆಂಬರ್ 31ರವರೆಗೆ ಬೇಕು. ವ್ಯಾಜ್ಯ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ಹಳೆಯ ಡೇಟಾದ ಎರಡು ಪ್ರತಿ ತೆಗೆದು ಒಂದನ್ನು ಹೋಟೆಲಿನಲ್ಲಿ, ಇನ್ನೊಂದನ್ನು ಮನೆಯಲ್ಲಿಡಿ. ಬ್ಯಾಕಪ್ ತೆಗೆದರೆ ಸಾಲದು, ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಬೇಕು. ಹಳೆಯ ಸಾಫ್ಟ್‌ವೇರ್‌ನ ಲೈಸೆನ್ಸನ್ನೂ ಕಾಪಾಡಿ. ಡೇಟಾ ಇದ್ದು ತೆರೆಯುವ ಸಾಧನ ಇಲ್ಲದಿದ್ದರೆ ಅದು ಬೀಗದ ಕೈ ಕಳೆದುಹೋದ ಕಪಾಟು.

ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ನಾಳೆ ನಿಮ್ಮನ್ನು ಬಿಡುವುದಾದರೆ ನನ್ನ ಪೂರ್ತಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕೊಡುತ್ತೀರಾ?
2. ವಾರ್ಷಿಕ ಹಣ ಕಟ್ಟುವುದು ತಡವಾದರೆ ಹಳೆಯ ಲೆಕ್ಕ ನೋಡಲಾದರೂ ಸಿಗುತ್ತದೆಯೇ?
3. ಬಿಲ್ಲಿಂಗ್ ಮೆಷಿನಿನ ದಿನದ ಮಾರಾಟ ತಾನಾಗಿ ಲೆಕ್ಕಕ್ಕೆ ಬರುತ್ತದೆಯೇ, ಕೈಯಲ್ಲಿ ಬರೆಯಬೇಕೇ?
4. ಮುಖ್ಯ ಲಾಗಿನ್ ಯಾರ ಹೆಸರಿನಲ್ಲಿ?
5. ಎರಡೂ ತಾಳೆ ಪಟ್ಟಿಗಳು ಹೊಂದುವವರೆಗೆ ನಿಮ್ಮವರು ಜೊತೆಗಿರುತ್ತಾರೆಯೇ?

ಈ ಐದಕ್ಕೂ ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಪಡೆಯಿರಿ. ಕಾಲಕ್ಕೆ ತಕ್ಕಂತೆ ಬದಲಾಗುವುದು ನಮ್ಮ ಉದ್ಯಮಕ್ಕೆ ಹೊಸದೇನಲ್ಲ. ಕಲ್ಲಿನ ಒರಳಿನಿಂದ ಗ್ರೈಂಡರಿಗೆ, ಸೌದೆಯಿಂದ ಗ್ಯಾಸಿಗೆ ಬಂದವರು ನಾವು. ಕ್ಲೌಡ್‌ಗೂ ಹೋಗೋಣ, ಎಣಿಸಿ ಸಹಿ ಹಾಕಿಸಿಕೊಂಡ ಮೇಲೆ.